ಕೈ ಒಪ್ಪದ ಮಣ್ಣು

ತಪ್ಪು ನನ್ನದು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲದಿದ್ದರೆ ಓದುತ್ತಾ ಓದುತ್ತಾ ನೀವು ನನ್ನ ಮೇಲೆ ಕನಿಕರಪಡುವ ಅಪಾಯವಿದೆ. ಒಬ್ಬ ಹೆಂಗಸಿನ ಹೆಸರನ್ನು ಎಲ್ಲೂ ಹೇಳುವುದಿಲ್ಲವೆಂದು ಕಾಗದದ ಮೇಲೆ ಬರೆದುಕೊಟ್ಟು, ಅವಳ ದನಿಯನ್ನು ತುಂಬಿದ ಸಭೆಯಲ್ಲಿ ಬಿಚ್ಚಿಟ್ಟವನು ನಾನು.

ನೆನಪಾದದ್ದು ಇವತ್ತು ಬೆಳಿಗ್ಗೆ, ಕುದೇರಿನ ಮನೆಯಲ್ಲಿ ಹಳೆಯ ಬ್ಯಾಗು ಕೊಡವಿದಾಗ. ತಳದಲ್ಲಿ ಒಂದು ಬಟ್ಟೆಚೀಲ, ಒಳಗೆ ಎರಡು ಹಿಡಿ ಮಣ್ಣು. ಗಂಟು ಬಿಚ್ಚಿದೊಡನೆ ಒಣ ಮಣ್ಣಿನ ವಾಸನೆ ಮೂಗಿಗೆ ಬಂತು.

ನಾನು ಓದುತ್ತಿದ್ದದ್ದು ವಿಜ್ಞಾನದ ತತ್ವಶಾಸ್ತ್ರ. ನಮ್ಮೂರಿನಲ್ಲಿ ಹಾಗೆಂದರೆ, ‘ಎಲ್ಡ್ರಲ್ಲಿ ಯಾವ್ದುಕ್ಲಾ ಕೆಲ್ಸ ಸಿಕ್ಕದು?’ ಎಂದು ಕೇಳುತ್ತಾರೆ. ಎರಡಕ್ಕೂ ಇಲ್ಲ ಎಂದು ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಪಿಎಚ್‌ಡಿಗೆ ನಾನು ಹಿಡಿದ ಪ್ರಶ್ನೆ ಇಷ್ಟೇ: ಅಳತೆ ಸರಿಯಾಗಿದೆ ಎಂದು ಅಳೆಯುವವರಿಗೆ ಹೇಗೆ ಗೊತ್ತಾಗುತ್ತದೆ? ಇದು ಪುಸ್ತಕದಲ್ಲಿ ಸಿಗುವಂಥದ್ದಲ್ಲ, ಅಳೆಯುವವರ ಪಕ್ಕದಲ್ಲಿ ತಿಂಗಳುಗಟ್ಟಲೆ ಕೂತು, ನೋಡಿ, ಕೇಳಿ, ಅವರು ಆಡಿದ್ದನ್ನು ಆಡಿದ ಹಾಗೇ ಬರೆದುಕೊಳ್ಳಬೇಕು ಎಂದೆ. ನನ್ನ ಗೈಡು ಕನ್ನಡಕವನ್ನು ಹಣೆಗೇರಿಸಿ (ಈ ಭಾಗವನ್ನು ನಾನು ಬಹಳ ಚೆನ್ನಾಗಿ ಮಾಡಿ ತೋರಿಸುತ್ತೇನೆ), ‘ಅಲ್ಲಯ್ಯಾ, ತತ್ವಶಾಸ್ತ್ರದವನು ಕೂತಲ್ಲೇ ಯೋಚನೆ ಮಾಡೋದು ಬಿಟ್ಟು ಊರೂರು ತಿರುಗ್ತಾನೇನಯ್ಯಾ?’ ಎಂದರು. ತಿರುಗಿದೆ.

ಚಾಮರಾಜನಗರದ ಒಂದು ಗೊಬ್ಬರದಂಗಡಿಯ ಮಹಡಿಯಲ್ಲಿ, ಅಂಗಡಿಯ ಯಜಮಾನರೇ ನಡೆಸುತ್ತಿದ್ದ ಮಣ್ಣು ಪರೀಕ್ಷೆಯ ಎರಡು ಕೋಣೆಗಳಿದ್ದವು. ಪರೀಕ್ಷೆ ಮಾಡುತ್ತಿದ್ದವಳನ್ನು ನಾನು ಕರೆಯುತ್ತಿದ್ದದ್ದು ಅಕ್ಕ ಎಂದು. ಈಗಲೂ ಹೆಸರು ಹೇಳುವುದಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ನಗಬೇಡಿ. ಮೊದಲ ದಿನ ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು.

‘ಯಾವೂರ್ಲಾ?’

‘ಇಲ್ಲೇ ಕುದೇರು ಕಣಕ್ಕ.’

‘ಅಂಗಾದ್ರ ಕೂತ್ಕ.’

ಆಯಿತು, ಪ್ರವೇಶ ಪರೀಕ್ಷೆ ಮುಗಿಯಿತು.

ಅವಳದೊಂದು ಕ್ರಮವಿತ್ತು. ಯಂತ್ರಕ್ಕೆ ಹಾಕುವ ಮೊದಲು ಚಿಟಿಕೆ ಮಣ್ಣನ್ನು ಅಂಗೈಯಲ್ಲಿ ನೆನೆಸಿ, ಹೆಬ್ಬೆರಳಿನಿಂದ ತೋರುಬೆರಳಿನ ಮೇಲೆ ಪಟ್ಟಿಯಂತೆ ತೀಡಿ, ಮೂಸಿ, ಮನಸ್ಸಿನಲ್ಲೇ ಒಂದು ಅಂದಾಜು ಕಟ್ಟಿಕೊಳ್ಳುತ್ತಿದ್ದಳು. ಆಮೇಲೆ ಯಂತ್ರ. ‘ಮಿಸನ್ನು ಒಂದ್ ನಂಬ್ರ ಕೊಡ್ತದ. ಕೈ ಒಪ್ಪಬೇಕಲ್ಲಪ್ಪ? ಒಪ್ನಿಲ್ಲ ಅಂದ್ರ ಇನ್ನೊಂದ್ ಸಲ.’ ಕೈ ಒಪ್ಪದ ದಿನ ಹುಡುಕಿದರೆ, ಯಂತ್ರದ ಗಾಜಿನ ಕಡ್ಡಿ ತೊಳೆದಿರುತ್ತಿರಲಿಲ್ಲ, ಇಲ್ಲವೇ ಚೀಟಿ ಅದಲುಬದಲಾಗಿರುತ್ತಿತ್ತು. ನನ್ನ ಪ್ರಶ್ನೆಗೆ ಉತ್ತರ ಎದುರಿಗೇ ಕೂತು ಕೈ ತೊಳೆಯುತ್ತಿತ್ತು. ಎರಡು ಹಿಡಿ ಮಣ್ಣಿದ್ದ ಒಂದು ಬಟ್ಟೆಚೀಲ ಕೊಟ್ಟು, ‘ನೀನೂ ಕಲ್ತ್ಕ’ ಎಂದಳು. ಬರೆದುಕೊಳ್ಳುವ ಗಡಿಬಿಡಿಯಲ್ಲಿ ನಾನು ಅದನ್ನು ಬ್ಯಾಗಿಗೆ ಹಾಕಿಕೊಂಡೆ.

ಕಲಿತದ್ದು ಅವಳ ದನಿಯನ್ನು. ಒಂದು ಮಧ್ಯಾಹ್ನ ಅವಳೆದುರೇ ಮಾಡಿ ತೋರಿಸಿದೆ. ಕಣ್ಣಲ್ಲಿ ನೀರು ಬರುವಂತೆ ನಕ್ಕು, ‘ನಿಲ್ಸ್ಲಾ ಸಾಕು! ಈ ಆಟ ಇಲ್ಲೇ ಇರ್ಲಿ. ಮೆಟ್ಲು ಇಳೀಬಾರ್ದು’ ಎಂದಳು.

ಇಳಿಯಿತು. ಮೈಸೂರಿನ ವಿಚಾರಗೋಷ್ಠಿಯಲ್ಲಿ ನನ್ನ ಪ್ರಬಂಧದ ಎರಡನೆಯ ಪುಟಕ್ಕೇ ಸಭೆ ಆಕಳಿಸಿತು. ಆಕಳಿಕೆಯನ್ನು ತಡೆದುಕೊಳ್ಳುವ ಶಕ್ತಿ ನನಗೆ ಹುಟ್ಟಿನಿಂದಲೇ ಇಲ್ಲ. ಕಾಗದ ಮಡಚಿಟ್ಟು ಅಕ್ಕನಾದೆ. ತೀಡಿದೆ, ಮೂಸಿದೆ, ‘ಕೈ ಒಪ್ನಿಲ್ಲ ಕಣಪ್ಪ’ ಎಂದೆ. ಚಪ್ಪಾಳೆಯೋ ಚಪ್ಪಾಳೆ. ಪ್ರಬಂಧದಲ್ಲಿ ಅವಳಿಗೊಂದು ಸುಳ್ಳು ಹೆಸರಿಟ್ಟಿದ್ದೆ. ಗಂಟಲಲ್ಲಿ ನಿಜವಾದವಳನ್ನೇ ಇಟ್ಟಿದ್ದೆ. ಯಾರೋ ಮೊಬೈಲಿನಲ್ಲಿ ಹಿಡಿದರು.

ಒಂದೇ ನಿಮಿಷದ ವಿಡಿಯೋ. ಆ ಕೈ ಇಲ್ಲದೆ ಯಂತ್ರವೇ ಕುರುಡು ಎಂದು ವಾದಿಸಿದ ನನ್ನ ನಲವತ್ತು ಪುಟ ಅದರಲ್ಲಿರಲಿಲ್ಲ. ವಾರದೊಳಗೆ ಅದು ಗೊಬ್ಬರದಂಗಡಿಗೆ ತಲುಪಿತು; ಅದು ಯಾರ ದನಿಯೆಂದು ಅಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಮಣ್ಣು ತಂದವರು, ‘ಕೈಲೇ ನೋಡದಾದ್ರ ನಮ್ಗೂ ಕೈ ಇಲ್ವಾ?’ ಎಂದು ಚೀಲ ಎತ್ತಿಕೊಂಡು ಹೋದರಂತೆ. ಓಡಿಹೋಗಿ ಯಜಮಾನರಿಗೆ ಗಂಟೆಗಟ್ಟಲೆ ವಿವರಿಸಿದೆ. ಅವರು ಸಮಾಧಾನವಾಗಿಯೇ ಕೇಳಿ, ‘ನೀವು ಹೇಳೋದು ನಿಜಾನೇ ಇರ್ಬೋದು ಸಾರ್. ಜನ ನಂಬ್ಬೇಕಲ್ಲ?’ ಎಂದರು.

ಅಕ್ಕನನ್ನು ಗುಂಡ್ಲುಪೇಟೆಯಲ್ಲಿದ್ದ ತಮ್ಮ ಇನ್ನೊಂದು ಅಂಗಡಿಗೆ ಹಾಕಿದರು. ಅಲ್ಲಿ ಪರೀಕ್ಷೆಯಿಲ್ಲ; ರೈತರು ತಂದ ಚೀಲಕ್ಕೆ ಚೀಟಿ ಕಟ್ಟಿ ಚಾಮರಾಜನಗರಕ್ಕೆ ಕಳಿಸಬೇಕು, ಅಷ್ಟೇ. ಚೀಲ ಬಿಚ್ಚಕೂಡದೆಂದು ಅಪ್ಪಣೆ. ನಾನು ಹೋದಾಗ ಎದುರಿನ ರಸ್ತೆಯಲ್ಲಿ ಕೇರಳದ ಕಡೆಗೆ ಈರುಳ್ಳಿ ಲಾರಿಗಳು ಸಾಲಾಗಿ ಹೊರಟಿದ್ದವು. ತಪ್ಪಾಯಿತು ಎಂದೆ. ಅವಳು ಚೀಟಿ ಕಟ್ಟುತ್ತಲೇ ಇದ್ದಳು. ಕೈ ಬಿಡುವಾದಾಗೆಲ್ಲ ಹೆಬ್ಬೆರಳು ತೋರುಬೆರಳನ್ನು ತೀಡುತ್ತಿತ್ತು, ನಡುವೆ ಮಣ್ಣಿಲ್ಲದೆ. ಅದನ್ನು ನೋಡುತ್ತಾ ನನ್ನ ಕೈ ತಾನಾಗಿ ಜೇಬಿನಿಂದ ನೋಟ್‌ಬುಕ್ಕು ತೆಗೆದಿತ್ತು. ಅವಳು ಅದನ್ನು ನೋಡಿದಳು.

ಪಿಎಚ್‌ಡಿ ಪ್ರಬಂಧದಲ್ಲಿ ಅವಳಿದ್ದ ಅಧ್ಯಾಯವನ್ನು ಆಮೇಲೆ ಹರಿದುಹಾಕಿದೆ. ಅದಿಲ್ಲದೆ ಉಳಿದ ಪ್ರಬಂಧ ಏಳಲಿಲ್ಲ, ಏಳುವುದೂ ಇಲ್ಲ. ಇವತ್ತು ಚೀಲದ ಮಣ್ಣನ್ನು ಅಂಗೈಯಲ್ಲಿ ನೆನೆಸಿ, ಅವಳ ಹಾಗೇ ತೀಡಿದೆ. ನೋಡಿದವರು ಅಕ್ಕನೇ ಎನ್ನಬೇಕು, ಹಾಗೆ. ಮಣ್ಣು ಮಾತ್ರ ನನಗೆ ಏನನ್ನೂ ಹೇಳಲಿಲ್ಲ.

ನಾನೀಗ ಯಾರ ದನಿ ಬೇಕಾದರೂ ಮಾಡುತ್ತೇನೆ, ಅಕ್ಕನದೊಂದು ಬಿಟ್ಟು. ಆದ್ದರಿಂದ ಅವತ್ತು ಗುಂಡ್ಲುಪೇಟೆಯಲ್ಲಿ, ನನ್ನ ನೋಟ್‌ಬುಕ್ಕನ್ನು ನೋಡಿ ಅವಳು ಹೇಳಿದ್ದನ್ನು ಬರಿದೇ ಬರೆದಿಡುತ್ತೇನೆ:

‘ಬರ್ಕೊ. ಮಣ್ಣ ಎಲ್ಡೆಲ್ಡ್ ಸಲ ನೋಡ್ತಿದ್ದಿ ನಾನು. ನಿನ್ನ ಒಂದೇ ಸಲ ನೋಡಿ ಒಳಕ್ಕ ಬುಟ್ಕಂಡ್ಬುಟ್ಟಿ.’