ಬ್ಲಾಗಿನ ಬಲಗಡೆಯ ಪೆಟ್ಟಿಗೆ

ಮಾಸ್ತಿ ಹತ್ತಿರದ ಆ ಊರಿನಲ್ಲಿ ಒಂದರಿಂದ ಐದನೇ ತರಗತಿವರೆಗೂ ಪಾಠ ಹೇಳುವ ಸುನಂದ ಮೇಡಂಗೆ ಹೊಸದೇನು ಕಂಡರೂ ಕೈ ಸುಮ್ಮನಿರುವುದಿಲ್ಲ. ಐವತ್ತೆರಡನೇ ವಯಸ್ಸಿನಲ್ಲಿ ಐದನೇ ತರಗತಿಯ ಹೆಸರಿನಲ್ಲಿ ಒಂದು ಬ್ಲಾಗ್ ಮಾಡಿ, ಮಕ್ಕಳ ಬರಹಗಳನ್ನೆಲ್ಲ ಅದಕ್ಕೆ ಹಾಕಿದರು. ಓದುವವರು ಮಾತ್ರ ಇರಲಿಲ್ಲ. ಎಷ್ಟು ಸಲ ನೋಡಿದರೆಂದು ತೋರಿಸುವ ಅಂಕಿ ತಿಂಗಳಿಡೀ ಹನ್ನೊಂದರಲ್ಲೇ ನಿಂತಿತ್ತು. ಅದರಲ್ಲೂ ಒಂಬತ್ತು ಸಲ ನೋಡಿದವರು ಸ್ವತಃ ಮೇಡಮ್ಮೇ.

ಮೇಡಂಗೆ ಅದಕ್ಕಿಂತ ದೊಡ್ಡ ಚಿಂತೆ ಐದನೇ ತರಗತಿಯ ವಾಣಿಶ್ರೀಯದು. ಮನೆಯಲ್ಲಿ ತೆಲುಗು ಮಾತಾಡುವ ಈ ಹುಡುಗಿ ಕನ್ನಡವನ್ನು ಮುತ್ತು ಪೋಣಿಸಿದಂತೆ ಬರೆಯುತ್ತಾಳೆ. ಆದರೆ ಐದು ವರ್ಷದಲ್ಲಿ ತರಗತಿಯಲ್ಲಿ ತುಟಿ ಬಿಚ್ಚಿದವಳಲ್ಲ. ಆರನೇ ತರಗತಿಗೆ ಮಾಸ್ತಿಗೇ ಹೋಗಬೇಕು. ತಾಯಿ ಮುನಿಲಕ್ಷ್ಮಿ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಳು.

"ಬಾಯೇ ಬಿಡಲ್ಲ ಮೇಡಂ ಇವಳು. ಅಷ್ಟು ದೂರ ಹೋಗಿ ಏನ್ ಮಾಡ್ತಾಳೆ? ಮನೇಲಿ ಹಸು ನೋಡ್ಕೊಂಡಿರ್ಲಿ."

ಮೇಡಂ ಎಷ್ಟು ಹೇಳಿದರೂ ಕೇಳಲಿಲ್ಲ.

ಅಷ್ಟರಲ್ಲಿ ರಾಗಿ ಕೊಯ್ಲು ಬಂತು. ವಾಹನಗಳು ತುಳಿದು ಕಾಳು ಉದುರಿಸಲೆಂದು ಟಾರು ರಸ್ತೆಯ ಮೇಲೆಲ್ಲ ರಾಗಿ ತೆನೆ ಹರಡಿದರು. ಊರಿಗೆ ಊರೇ ಮೋಡಕ್ಕೆ ಹೆದರುವ ಕಾಲ ಅದು. ಮೇಡಂ ಬ್ಲಾಗಿನ ಬಲಗಡೆ ಖಾಲಿ ಬಿದ್ದಿದ್ದ ಪಟ್ಟಿಯಲ್ಲಿ ಎರಡು ವಿಜೆಟ್, ಅಂದರೆ ಪುಟ್ಟ ಪೆಟ್ಟಿಗೆಗಳನ್ನು, ಕೂರಿಸಿದರು. ಮೇಲಿನ ಪೆಟ್ಟಿಗೆ ಇವತ್ತು ಮಳೆ ಬರುತ್ತದೋ ಇಲ್ಲವೋ ತೋರಿಸುತ್ತದೆ. ಕೆಳಗಿನದರಲ್ಲಿ ತ್ರಿಕೋನದ ಗುರುತು ಒತ್ತಿದರೆ ದಿನಕ್ಕೊಂದು ಮಗುವಿನ ದನಿಯಲ್ಲಿ ವರದಿ ಕೇಳಿಸುತ್ತದೆ. ಒಂದೇ ವಾರದಲ್ಲಿ ಡೈರಿಗೆ ಹಾಲು ಹಾಕಲು ಬರುವವರೆಲ್ಲ ಬ್ಲಾಗ್ ನೋಡತೊಡಗಿದರು. ಮಳೆಗಾಗಿ ಅಷ್ಟೇ, ಮಕ್ಕಳ ವರದಿ ಯಾರಿಗೆ ಬೇಕು?

ವಾಣಿಶ್ರೀಯ ಸರದಿ ಬಂದ ದಿನ ಮೇಡಂ ರೆಕಾರ್ಡ್ ಮಾಡುವ ಗುಂಡಿ ತೋರಿಸಿ ಫೋನ್ ಅವಳ ಕೈಗೆ ಕೊಟ್ಟರು. ಹುಡುಗಿ ನೀರಿನ ಟ್ಯಾಂಕಿನ ಹಿಂದೆ ಹೋದಳು. ಐದು ನಿಮಿಷ ಬಿಟ್ಟು ಬಂದು, ಫೋನನ್ನು ಮೇಜಿನ ಮೇಲಿಟ್ಟು ತನ್ನ ಜಾಗದಲ್ಲಿ ಕೂತಳು. ಮಕ್ಕಳೆಲ್ಲ ಹೋದ ಮೇಲೆ ಮೇಡಂ ಅದನ್ನು ಎರಡು ಸಲ ಕೇಳಿ, ಬ್ಲಾಗಿನ ಕೆಳಗಿನ ಪೆಟ್ಟಿಗೆಗೆ ಹಾಕಿದರು. ಐದು ವರ್ಷ ಎದುರಿಗೇ ಕೂತಿದ್ದ ದನಿ ಅದು, ಇಷ್ಟು ದಿನ ಎಲ್ಲಿತ್ತೋ.

ಮರುದಿನ ಬೆಳಿಗ್ಗೆ ಮೋಡ ಕವಿದಿತ್ತು. ಮೇಡಂ ಡೈರಿಗೆ ಹೋದಾಗ ಕಾರ್ಯದರ್ಶಿ ಆವಲಪ್ಪ ಫೋನ್ ಹಿಡಿದು, ಕೆಳಗಿನ ಪೆಟ್ಟಿಗೆಯೂ ಮಳೆಯದೇ ಎಂದುಕೊಂಡು ಎಲ್ಲರಿಗೂ ಹೇಳುತ್ತಿದ್ದ: "ಮಳೆ ಎಷ್ಟೊತ್ತಿಗೆ ಅಂತ ಈ ತ್ರಿಕೋನ ಹೇಳುತ್ತೆ, ಒತ್ರಲಾ."

ಅವನು ಒತ್ತಿದ. ಸಾಲಿನಲ್ಲಿದ್ದವರೂ ತಮ್ಮ ತಮ್ಮ ಫೋನಿನಲ್ಲಿ ಒತ್ತಿದರು. ಒಂದರ ಹಿಂದೊಂದು ಹತ್ತು ಫೋನಿನಿಂದ ಒಂದೇ ದನಿ ಎದ್ದಿತು.

"ನಮ್ ರಾಗಿ ರೋಡ್ ಮೇಲಿದೆ. ಮೋಡ ಬಂದ್ರೆ ನಮ್ಮಮ್ಮ ಮಾತಾಡಲ್ಲ, ಊಟಾನೂ ಮಾಡಲ್ಲ. ಮೇಲಕ್ಕೇ ನೋಡ್ತಾ ನಿಂತ್ಕೋತಾಳೆ. ಆವಾಗ ನಾನು ಅಮ್ಮನ್ನೇ ನೋಡ್ತೀನಿ."

ಹಾಲು ಅಳೆಯುತ್ತಿದ್ದ ಕೈಗಳು ನಿಂತವು. ಮಳೆಯ ವಿಷಯ ಯಾರಿಗೂ ನೆನಪಾಗಲಿಲ್ಲ. ಹತ್ತು ವರ್ಷದ ಮಗುವಿನ ನಾಲ್ಕು ಮಾತು ದೊಡ್ಡವರನ್ನು ಹೀಗೆ ನಿಲ್ಲಿಸಬಲ್ಲದು ಎಂದು ಮೇಡಂ ಕನಸಿನಲ್ಲೂ ಎಣಿಸಿರಲಿಲ್ಲ.

"ಯಾರ್ ಮಗು ಇದು?" ಎಂದ ಆವಲಪ್ಪ.

"ಮಾ ಪಾಪ," ಎಂದು ಸಾಲಿನಲ್ಲಿದ್ದ ಮುನಿಲಕ್ಷ್ಮಿ, ನಮ್ಮ ಮಗು ಅಂತ, ತೆಲುಗಿನಲ್ಲೇ ಹೇಳಿದಳು. ಆಮೇಲೆ ಮೆಲ್ಲಗೆ, "ಇನ್ನೊಂದ್ಸಲ ಹಾಕಣ್ಣ."

ಇನ್ನೊಂದು ಸಲವೂ ಕೇಳಿದಳು. ಹಾಲಿನ ಕ್ಯಾನು ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಸುನಂದ ಮೇಡಂ ಹತ್ತಿರ ಬಂದಳು.

"ಮೇಡಂ, ಬೆಳಿಗ್ಗೆ ಮಾಸ್ತಿ ಬಸ್ಸು ಎಷ್ಟೊತ್ತಿಗೆ ಬರುತ್ತೆ?"