ತಾಮ್ರದ ಯಂತ್ರ, ಅಲ್ಯೂಮಿನಿಯಂ ದೋಣಿ

ಇವತ್ತು ಏಸಿ ರಿಪೇರಿಯ ಹುಡುಗ, ತಾಮ್ರದ ಕೊಳವೆ ಅಲ್ಯೂಮಿನಿಯಂಗೆ ತಾಗಿದ ಕಡೆ ಎದ್ದಿದ್ದ ಬಿಳಿ ಪುಡಿ ತೋರಿಸಿದ. ನೋಡಿದ್ದೇ ನನಗೆ ದೊಡ್ಡಪ್ಪನ ಮೇಲೆ ಸಿಟ್ಟು ಉಕ್ಕಿತು. ಸತ್ತವರ ಮೇಲೆ ಸಿಟ್ಟಾಗಬಾರದಂತೆ. ನಾನು ಆಗುತ್ತೇನೆ.

ಅಪ್ಪ ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಕಾಮಸಮುದ್ರದ ಹತ್ತಿರ ನಮ್ಮೂರ ಕೆರೆಯಲ್ಲಿ ಮೀನು ಹಿಡಿಯೋಣವೆಂದು, ರಜೆಗಳನ್ನೆಲ್ಲ ಸುರಿದು ಅಲ್ಯೂಮಿನಿಯಂ ತಗಡಿನ ದೋಣಿ ಮಾಡಿದ್ದ. ಅವನಿಗೆ ಅದು ಇನ್ನೊಂದು ಮಗು. ದೃಷ್ಟಿಯಾಗದಿರಲೆಂದು ದೊಡ್ಡಪ್ಪ ಮಂತ್ರ ಕೆತ್ತಿದ ತಾಮ್ರದ ಯಂತ್ರ ತಂದ. ಗಂಗಮ್ಮನಿಗೆ ಕಾಣುವಂತೆ, ದೋಣಿಯ ಮೂತಿಯಲ್ಲಿ ನೀರು ತಾಗುವ ಕಡೆಯೇ ಇರಬೇಕು ಎಂದ.

"ಇರ್ಲಿ ಅಣ್ಣ. ಆದ್ರೆ ತಾಮ್ರ ತಾಗುದ್ರೆ ಈ ಸವುಳು ನೀರಲ್ಲಿ ತಗಡು ತಿಂದೋಗ್ತದೆ," ಎಂದ ಅಪ್ಪ, ನಡುವೆ ಸೈಕಲ್ ಟ್ಯೂಬಿನ ತುಂಡಿಟ್ಟು ಯಂತ್ರವನ್ನು ನೈಲಾನ್ ದಾರದಲ್ಲಿ ಕಟ್ಟಿದ.

ದೊಡ್ಡಪ್ಪ ಎಲ್ಲ ಕಿತ್ತೆಸೆದ. "ದೇವ್ರಿಗೆ ರಬ್ಬರ್ ಚಪ್ಪಲಿ ಆಕ್ತೀಯೇನ್ಲಾ? ಫ್ಯಾಕ್ಟ್ರಿ ಬುದ್ಧಿ ಇಲ್ಲಿ ತೋರುಸ್ಬೇಡ!"

ಊರವರ ಎದುರೇ ತಾಮ್ರದ ಮೊಳೆ ಹೊಡೆದು ಯಂತ್ರ ಕೂರಿಸಿದ. ಅಣ್ಣನಿಗೆ ಎದುರಾಡದ ಅಪ್ಪ ಟ್ಯೂಬಿನ ತುಂಡು ಎತ್ತಿ ಜೇಬಿಗಿಟ್ಟುಕೊಂಡ.

ಮಳೆಗಾಲ ಕಳೆಯುವಷ್ಟರಲ್ಲಿ ಯಂತ್ರದ ಸುತ್ತ ಬಿಳಿ ಪುಡಿ ಎದ್ದಿತು. ಒಂದು ಬೆಳಿಗ್ಗೆ ಕೆರೆಯ ನಡುವೆ ದೋಣಿ ಮುಳುಗಿತು. ಅಪ್ಪ ಬಲೆಯನ್ನು ಅಲ್ಲೇ ಬಿಟ್ಟು ಈಜಿ ಬಂದು, ದಡದ ಕೆಸರಿನಲ್ಲಿ ನೀರು ಕಕ್ಕುತ್ತ ಬಿದ್ದ. ದೋಣಿ ಎಳೆದು ತೆಗೆದರೆ ತೂತು ಯಂತ್ರದ ಅಡಿಯಲ್ಲೇ ಇತ್ತು.

ದೊಡ್ಡಪ್ಪ ಬಗ್ಗಿ ನೋಡಿದ. "ಕಂಡ್ಯಾ? ಕಣ್ಣು ಸರಿಯಾಗಿ ಯಂತ್ರಕ್ಕೇ ಬಿದ್ದೈತೆ. ಅದಿಲ್ದಿದ್ರೆ ನೀನೇ ಓಗ್ಬಿಡ್ತಿದ್ದೆ ಕಣ್ಲಾ!"

ಊರೆಲ್ಲ ಹೌದೆಂದಿತು. ನಡುಗುತ್ತಿದ್ದ ಅಪ್ಪನಿಂದಲೇ ಯಂತ್ರಕ್ಕೆ ಕೈ ಮುಗಿಸಿದರು.

ಈಗಲೂ ಊರಿಗೆ ಹೋದರೆ, ಯಂತ್ರ ನಿಮ್ಮಪ್ಪನ ಜೀವ ಉಳಿಸಿತು ಎನ್ನುತ್ತಾರೆ. ಈಜಿದ್ದು ನಮ್ಮಪ್ಪ.