ಬುಧವಾರ ಉದುರುವ ಗುಂಡಿ

ಊರಿನ ಅರ್ಧ ಜನರ ಹೊಟ್ಟೆಯ ಅಳತೆ ಟೈಲರಣ್ಣನ ಪುಸ್ತಕದಲ್ಲಿತ್ತು. ಅವನು ಹಾಕಿದ ಗುಂಡಿ ಎಂದರೆ ಗುಂಡಿ. ಅಂಗಿ ಹರಿದು ನೆಲ ಒರೆಸುವ ಬಟ್ಟೆಯಾದರೂ ಅದು ಕದಲುತ್ತಿರಲಿಲ್ಲ. ಅಂಥವನ ಸ್ವಂತ ಮಗಳ ಯೂನಿಫಾರ್ಮಿನ ಗುಂಡಿ ಮಾತ್ರ ಪ್ರತಿ ಬುಧವಾರ ತಪ್ಪದೆ ಉದುರುತ್ತಿತ್ತು!

ಗುಟ್ಟೇನೂ ದೊಡ್ಡದಲ್ಲ. ವಿಚ್ಛೇದನ ಕೊಟ್ಟ ನ್ಯಾಯಾಧೀಶರು ಮಗಳನ್ನು ತಾಯಿಗೂ, ಭಾನುವಾರದ ಮೂರು ಗಂಟೆಯನ್ನು ತಂದೆಗೂ ಹಂಚಿದ್ದರು. ಎಂಟು ವರ್ಷದ ಹುಡುಗಿಯ ವಾರದ ಹರಟೆ ಮೂರು ಗಂಟೆಯಲ್ಲಿ ಮುಗಿದೀತೇ? ಅದಕ್ಕೇ ಟೈಲರಣ್ಣ ಭಾನುವಾರ ಅವಳ ಯೂನಿಫಾರ್ಮಿಗೆ ಇಸ್ತ್ರಿ ಮಾಡುವ ನೆಪದಲ್ಲಿ ಒಂದೆರಡು ಗುಂಡಿ ಕಿತ್ತು, ಗಂಟಿಲ್ಲದ ಒಂಟಿ ದಾರದಲ್ಲಿ ಸಿಕ್ಕಿಸಿ ಕಳಿಸುತ್ತಿದ್ದ. ತಾಯಿ ಸೂಜಿ ಮುಟ್ಟುವವಳಲ್ಲ. "ಹೊಲಿದವರೇ ಹಾಕ್ಲಿ" ಎಂದು ಬುಧವಾರ ಶಾಲೆ ಬಿಟ್ಟ ಮೇಲೆ ಅಂಗಡಿಗೆ ಅಟ್ಟುತ್ತಿದ್ದಳು. ಐದು ನಿಮಿಷದ ಕೆಲಸಕ್ಕೆ ಅಪ್ಪ ಒಂದು ಗಂಟೆ ಸೂಜಿಗೆ ದಾರ ಪೋಣಿಸುತ್ತಿದ್ದ.

ಹೀಗಿರುವಾಗ ಊರಿಗೆ ಒಂದು ಸಿನಿಮಾ ಬಂತು. ಹೆಂಡತಿಯಿಂದ ಬೇರೆಯಾದ ಅಪ್ಪ ಮಗುವನ್ನು ನೋಡಲು ನೂರೆಂಟು ಸುಳ್ಳು ಹೇಳುವ ನಗೆಚಿತ್ರ. ಜನ ಬಿದ್ದೂ ಬಿದ್ದೂ ನಕ್ಕರು, ಕೊನೆಗೆ ಗೊಳೋ ಎಂದು ಅತ್ತರು. ಮೂಗು ಒರೆಸಿಕೊಂಡು ನೇರ ಟೈಲರಣ್ಣನ ಅಂಗಡಿಗೆ ಬಂದರು, ಬುದ್ಧಿ ಹೇಳಲು.

"ಅಬ್ಬಾ, ಏನು ಅಪ್ಪ ರೀ ಅವನು! ಮಗಳಿಗೋಸ್ಕರ ಏನೆಲ್ಲ ನಾಟಕ ಆಡ್ತಾನೆ! ನೀವೂ ಇದ್ದೀರಿ, ಮಗಳಿಗೆ ಒಂದು ಗುಂಡಿ ನೆಟ್ಟಗೆ ಹಾಕೋಕಾಗಲ್ಲ" ಎಂದರು, ಪ್ಯಾಂಟಿನ ಸೊಂಟ ಸಡಿಲಿಸಲು ಬಂದ ಮೇಷ್ಟ್ರು. ಅಯ್ಯೋ ಪುಣ್ಯಾತ್ಮ! ಪರದೆಯ ಮೇಲಿನ ಅಪ್ಪನಿಗೆ ಟಿಕೆಟ್ ಕೊಂಡು ಅಳುವವರು ಎದುರಿಗಿದ್ದವನಿಗೆ ಕೊಡುವುದು ಪುಕ್ಕಟೆ ಉಪದೇಶ.

ಊರಿನ ಈ ಮಾತು ತಾಯಿಯ ಕಿವಿಗೂ ಬಿತ್ತು. ಫೋನ್ ಮಾಡಿದಳು. "ನೋಡಿ, ಇನ್ನೊಂದು ಗುಂಡಿ ಬಿದ್ರೆ ರೆಡಿಮೇಡ್ ತಂದುಬಿಡ್ತೀನಿ. ಆಮೇಲೆ ಬುಧವಾರ ಅವಳು ಬರಲ್ಲ."

ಟೈಲರಣ್ಣ ಲೆಕ್ಕ ಹಾಕಿ ನೋಡಿದ. ಗುಂಡಿ ಬಿದ್ದರೆ ಬುಧವಾರ ಹೋಯಿತು, ಬೀಳದಿದ್ದರೂ ಹೋಯಿತು. ಮೇಲಾಗಿ ಟೈಲರನ ಮಗಳ ಮೈಮೇಲೆ ರೆಡಿಮೇಡ್! ಬುಧವಾರ ಹೋದರೂ ಮಗಳ ಬಟ್ಟೆಯಾದರೂ ತನ್ನ ಕೈಯಲ್ಲೇ ಉಳಿಯಲಿ ಎಂದು ಆ ಭಾನುವಾರ ನಾಲ್ಕೆಳೆ ದಾರಕ್ಕೆ ಮೇಣ ಸವರಿ ಎಲ್ಲ ಗುಂಡಿಗಳನ್ನೂ ಬಿಗಿದ. "ಇನ್ನು ಬೀಳಲ್ಲ ಪುಟ್ಟಿ" ಎಂದು ಯೂನಿಫಾರ್ಮು ಮಡಚಿ ಕೊಟ್ಟ. ಹುಡುಗಿ ಮುಖ ಊದಿಸಿಕೊಂಡು ಹೋದಳು.

ಬುಧವಾರ ಅವನಿಗೆ ಕೆಲಸವೇ ಓಡಲಿಲ್ಲ. ಮೇಷ್ಟ್ರ ಪ್ಯಾಂಟನ್ನು ಸಡಿಲಿಸುವ ಬದಲು ಇನ್ನೂ ಎರಡು ಇಂಚು ಬಿಗಿಮಾಡಿ ಕೂತಿದ್ದ. ಅಷ್ಟರಲ್ಲಿ ಬಾಗಿಲಲ್ಲಿ ಪುಟ್ಟಿ! ಮುಷ್ಟಿಯಲ್ಲಿ ಎರಡು ಗುಂಡಿ.

"ಏನಪ್ಪಾ ನೀನು, ಇಷ್ಟು ಗಟ್ಟಿ ಹಾಕೋದಾ? ಹಲ್ಲಲ್ಲಿ ಕಚ್ಚಿದ್ರೂ ಬರ್ಲಿಲ್ಲ! ಕೊನೆಗೆ ಡ್ರಾಯಿಂಗ್ ಕ್ಲಾಸಿನ ಕತ್ತರಿ ತಗೊಂಡೆ."

"ಅಮ್ಮಂಗೆ ಗೊತ್ತಾದ್ರೆ?"

"ಇವತ್ತು ಕ್ಲಾಸು ಲೇಟು ಅಂದಿದೀನಿ. ಬೇಗ ಹಾಕಿ ಕೊಡು. ಗುಂಡಿ ಬೀಳ್ದೆ ನಾನು ಹೇಗಪ್ಪಾ ಬರೋದು?"

ಸುಳ್ಳು ಹೇಳಿದ್ದಕ್ಕೆ ಬೈಯುವ ಬದಲು ಸೂಜಿ ಕೈಗೆತ್ತಿಕೊಂಡ. ಕಣ್ಣು ತುಂಬಿ ಸೂಜಿಯ ಕಣ್ಣು ಕಾಣಲಿಲ್ಲ. ಯೂನಿಫಾರ್ಮು ತಿರುಗಿಸಿ ನೋಡಿದ. ಗುಂಡಿ ಇದ್ದ ಕಡೆ ಬಟ್ಟೆಗೂ ಸಣ್ಣ ತೂತು ಬಿದ್ದಿತ್ತು. ತನ್ನ ಸಣ್ಣ ಕತ್ತರಿಯನ್ನು ಅವಳ ಬೆರಳಿಗೆ ಸಿಕ್ಕಿಸಿದ.

"ಬಟ್ಟೆಗೆ ತಾಗಿಸಬಾರ್ದು ಕಣೇ. ದಾರ ಮಾತ್ರ ಕತ್ತರಿಸ್ಬೇಕು. ನೋಡು, ಹೀಗೆ."